ಉಬುಂಟು ಲ್ಯಾಪ್‌ಟಾಪಿಗೆ ಗ್ರಾಫಿಂಗ್ ಕ್ಯಾಲ್ಕುಲೇಟರ್: ಯಾವ ದಾರಿ ಯಾರಿಗೆ?

ತುಮಕೂರಿನಲ್ಲಿ ಗ್ರಾಫಿಂಗ್ ಕ್ಯಾಲ್ಕುಲೇಟರನ್ನು ಅಂಗಡಿಯಿಂದ ಕೊಂಡವರು ವಿರಳ. ಬಿ.ಎಚ್. ರಸ್ತೆಯಲ್ಲಿ ಕ್ಯಾಲ್ಕುಲೇಟರ್ ಕೇಳಿದರೆ ಕೌಂಟರಿನ ಮೇಲೆ ಬರುವುದು ಕ್ಯಾಸಿಯೊ ಎಫ್‌ಎಕ್ಸ್-991. ಇಂಜಿನಿಯರಿಂಗ್ ಓದುವವರಿಗೆ ಅಷ್ಟು ಸಾಕು. ಜೆಇಇ ಮೇನ್‌ಗೆ ಕ್ಯಾಲ್ಕುಲೇಟರನ್ನು ಒಳಗೇ ಬಿಡುವುದಿಲ್ಲ, ಗೇಟ್‌ನಲ್ಲಿ ಪರದೆಯ ಮೇಲಿನದನ್ನೇ ಒತ್ತಬೇಕು. ಹಾಗಾಗಿ ನಮ್ಮ ಹುಡುಗರ ಕೈಯಲ್ಲಿ ಕಾಣುವ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ (ಟಿಐ) ಕಂಪನಿಯ ಟಿಐ-84, ಟಿಐ-83, ಕ್ಯಾಸಿಯೊ ಸಿಜಿ50ಗಳು ಹೆಚ್ಚಾಗಿ ಹೊರಗಿನಿಂದ ಬಂದವು. ಅಮೆರಿಕದಲ್ಲಿರುವ ದೊಡ್ಡಪ್ಪನ ಮಗಳು ಹೈಸ್ಕೂಲು ಮುಗಿಸುತ್ತಾಳೆ, ಅವಳ ಕ್ಯಾಲ್ಕುಲೇಟರು ಸೂಟ್‌ಕೇಸಿನಲ್ಲಿ ಇಲ್ಲಿನ ತಮ್ಮನಿಗೆ ಬರುತ್ತದೆ. ಇಲ್ಲವೇ ಬೆಂಗಳೂರಿನಲ್ಲಿ ಐಬಿ ಎಂಬ ಅಂತರರಾಷ್ಟ್ರೀಯ ಪಠ್ಯಕ್ರಮ ಓದಿದ ಯಾರೋ ಅರ್ಧ ಬೆಲೆಗೆ ಮಾರುತ್ತಾರೆ.

ಮನೆಯಲ್ಲಿರುವುದು ಹಳೆಯ ಲ್ಯಾಪ್‌ಟಾಪು. ವಿಂಡೋಸ್ ನಿಧಾನವಾಯಿತೆಂದು ಅದಕ್ಕೆ ಲಿನಕ್ಸ್‌ನ ಒಂದು ಬಗೆಯಾದ ಉಬುಂಟು ಹಾಕಿಸಿರುತ್ತಾರೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತ ಮೇಲೆ ಹೀಗೆ ಬದಲಾಯಿಸಿಕೊಂಡವರು ಇನ್ನಷ್ಟು. ಕ್ಯಾಲ್ಕುಲೇಟರಿಗೆ ಪ್ರೋಗ್ರಾಮು ಕಳಿಸಲೆಂದು ಅದಕ್ಕೂ ಲ್ಯಾಪ್‌ಟಾಪಿಗೂ ಕೇಬಲ್ ಸಿಕ್ಕಿಸುತ್ತಾರೆ. ಆಮೇಲೆ ಬರುವ ಮಾತು ಒಂದೇ: "ಸಾರ್, ಚುಚ್ಚಿದ್ರೆ ಚಾರ್ಜಿನ ಲೈಟು ಬರುತ್ತೆ, ಕಂಪ್ಯೂಟರ್‌ನಲ್ಲಿ ಮಾತ್ರ ಏನೂ ತೋರ್ಸಲ್ಲ."

ತೋರಿಸದಿರುವುದಕ್ಕೆ ಕಾರಣವಿದೆ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಕಂಪ್ಯೂಟರಿನಿಂದ ಕ್ಯಾಲ್ಕುಲೇಟರಿಗೆ ಫೈಲು ಕಳಿಸುವ ತನ್ನ ಟಿಐ ಕನೆಕ್ಟ್ ಸಿಇ ತಂತ್ರಾಂಶವನ್ನು ವಿಂಡೋಸ್‌ಗೆ ಮತ್ತು ಮ್ಯಾಕ್‌ಗೆ ಕೊಟ್ಟಿದೆ, ಲಿನಕ್ಸ್‌ಗೆ ಕೊಟ್ಟಿಲ್ಲ. ಆದರೆ ಇದರಿಂದ "ಲಿನಕ್ಸ್ ತೆಗೆದು ವಿಂಡೋಸ್ ಹಾಕಲೇಬೇಕು" ಎಂಬ ತೀರ್ಮಾನಕ್ಕೆ ಹಾರಬೇಡಿ. ಕ್ಯಾಲ್ಕುಲೇಟರಿಗೆ ನಿಮ್ಮ ಕಂಪ್ಯೂಟರಿನಲ್ಲಿ ಯಾವ ಓಎಸ್ (ಆಪರೇಟಿಂಗ್ ಸಿಸ್ಟಮ್) ಇದೆ ಎಂಬುದು ಬೇಕಿಲ್ಲ. ಅದರ ಪ್ರೋಟೋಕಾಲಿನಲ್ಲಿ, ಅಂದರೆ ಅದಕ್ಕೆ ತಿಳಿಯುವ ಭಾಷೆಯಲ್ಲಿ, ಮಾತಾಡುವ ಒಂದು ಪ್ರೋಗ್ರಾಮು ಆ ಕಡೆ ಇದ್ದರೆ ಸಾಕು. ಅಂಥ ಪ್ರೋಗ್ರಾಮುಗಳು ಲಿನಕ್ಸ್‌ನಲ್ಲಿ ಬಹಳ ವರ್ಷಗಳಿಂದ ಇವೆ. ಯಾವುದು ನಿಮಗೆ ಹೊಂದುತ್ತದೆ ಎಂಬುದನ್ನು ನಿರ್ಧರಿಸುವುದು ನಿಮ್ಮ ಕ್ಯಾಲ್ಕುಲೇಟರಿನ ಮಾಡೆಲ್ ಮತ್ತು ನೀವು ಅದಕ್ಕೆ ಏನು ಕಳಿಸಬೇಕೆಂದಿದ್ದೀರಿ ಎಂಬುದು. ಹೋಲಿಕೆಯನ್ನು ಅಲ್ಲಿಂದಲೇ ಶುರು ಮಾಡುತ್ತೇನೆ.

ಮೊದಲು ಪೋರ್ಟು ನೋಡಿ

ಕ್ಯಾಲ್ಕುಲೇಟರನ್ನು ಕೈಯಲ್ಲಿ ಹಿಡಿದು ಅಂಚುಗಳನ್ನೆಲ್ಲ ತಿರುಗಿಸಿ ನೋಡಿ. ಮಿನಿ ಯುಎಸ್‌ಬಿ ಪೋರ್ಟು ಇದ್ದರೆ ಅರ್ಧ ಕೆಲಸ ಮುಗಿಯಿತು. 2004ರಲ್ಲಿ ಬಂದ ಟಿಐ-84 ಪ್ಲಸ್, ಅದರ ಸಿಲ್ವರ್ ಎಡಿಷನ್, ಟಿಐ-89 ಟೈಟಾನಿಯಂ, 2015ರ ಬಣ್ಣದ ಪರದೆಯ ಟಿಐ-84 ಪ್ಲಸ್ ಸಿಇ, ಇವೆಲ್ಲಕ್ಕೂ ಮಿನಿ ಯುಎಸ್‌ಬಿ ಇದೆ. ಇಯರ್‌ಫೋನ್ ಪಿನ್ನಿನಂಥ ಸಣ್ಣ ದುಂಡು ತೂತು ಮಾತ್ರ ಇದ್ದರೆ ನಿಮ್ಮದು ಟಿಐ-83 ಪ್ಲಸ್ ಅಥವಾ ಅದಕ್ಕಿಂತ ಹಳೆಯದು. ಆ ತೂತಿನ ಅಳತೆ 2.5 ಮಿಲಿಮೀಟರ್, ಫೋನಿನ 3.5ರ ಪಿನ್ನು ಅದಕ್ಕೆ ಹೋಗುವುದಿಲ್ಲ.

ಈ ದುಂಡು ತೂತಿನ ವ್ಯವಹಾರ ಸ್ವಾರಸ್ಯದ್ದು. ಅದರೊಳಗೆ ಎರಡೇ ಸಂಕೇತದ ತಂತಿ, ಜೊತೆಗೊಂದು ಗ್ರೌಂಡ್. ಸುಮ್ಮನಿರುವಾಗ ಎರಡೂ ತಂತಿ ಮೇಲಿನ ವೋಲ್ಟೇಜಿನಲ್ಲಿರುತ್ತವೆ. ಕಳಿಸುವ ಕಡೆಯವರು ಒಂದನ್ನು ಕೆಳಗೆಳೆದರೆ 0, ಇನ್ನೊಂದನ್ನು ಎಳೆದರೆ 1. ಪಡೆಯುವ ಕಡೆಯವರು ಉಳಿದ ತಂತಿಯನ್ನು ಎಳೆದು "ಸಿಕ್ಕಿತು" ಎಂದು ತಿಳಿಸಬೇಕು, ಆಮೇಲೆಯೇ ಮುಂದಿನ ಬಿಟ್. ಗಡಿಯಾರವಿಲ್ಲ, ನಿಗದಿತ ವೇಗವಿಲ್ಲ. ನಿಧಾನವಾದವರು ತಮ್ಮ ವೇಗದಲ್ಲೇ ಪಡೆಯಬಹುದು. ಇದು ಎಷ್ಟು ಸರಳವೆಂದರೆ ಆಸಕ್ತರು ಆರ್ಡುಯಿನೊ ಬೋರ್ಡಿನಿಂದಲೇ ಇದನ್ನು ಮಾತಾಡಿಸಿದ್ದಾರೆ. ಎಲೆಕ್ಟ್ರಾನಿಕ್ಸ್ ಓದುವ ಮಕ್ಕಳಿಗೆ ಮಿನಿ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ವಿಷಯ ಬೇಕೇ!

ಪ್ರಾಜೆಕ್ಟು ಬೇಡ, ಕೆಲಸ ಆಗಬೇಕು ಎನ್ನುವವರಿಗೆ ಟಿಐ ಕಂಪನಿಯದೇ ಸಿಲ್ವರ್‌ಲಿಂಕ್ ಕೇಬಲ್ ಬೇಕು: ಒಂದು ಕಡೆ ಯುಎಸ್‌ಬಿ, ಇನ್ನೊಂದು ಕಡೆ 2.5 ಪಿನ್ನು. ಅದಕ್ಕೂ ಹಿಂದಿನ ಸೀರಿಯಲ್ ಪೋರ್ಟಿನ ಕೇಬಲುಗಳು ಕೆಲವರ ಡಬ್ಬದಲ್ಲಿ ಉಳಿದಿರುತ್ತವೆ. ಅವುಗಳಲ್ಲಿ ಬೂದು ಬಣ್ಣದ್ದರ ಒಳಗೆ ಸ್ವಂತ ಚಿಪ್ ಇದೆ, ಅದು ಕಂಪ್ಯೂಟರಿನೊಡನೆ ನಿಜವಾದ ಸೀರಿಯಲ್ ದತ್ತಾಂಶದಲ್ಲೇ ಮಾತಾಡುತ್ತದೆ. ಹಾಗಾಗಿ ಯುಎಸ್‌ಬಿ-ಸೀರಿಯಲ್ ಕನ್ವರ್ಟರಿನ ಮೂಲಕ ಪ್ರಯತ್ನಿಸಲು ಅಡ್ಡಿಯಿಲ್ಲ. ಕಪ್ಪು ಬಣ್ಣದ್ದು ಸೀರಿಯಲ್ ಪೋರ್ಟಿನ ಹ್ಯಾಂಡ್‌ಶೇಕ್ ತಂತಿಗಳನ್ನೇ ನೇರವಾಗಿ ಎಳೆದಾಡುತ್ತದೆ. ಕನ್ವರ್ಟರಿನ ಮೂಲಕ ಅದನ್ನು ನಡೆಸಲು ಹೊರಟರೆ ಒಂದೊಂದು ಬಿಟ್ಟಿಗೂ ಯುಎಸ್‌ಬಿಯ ವಿಳಂಬ ಸೇರಿಕೊಳ್ಳುತ್ತದೆ. ಅದನ್ನು ಪಕ್ಕಕ್ಕಿಡಿ.

ಕೇಬಲಿನ ಮಾತು

ಮಿನಿ ಯುಎಸ್‌ಬಿ ಕೇಬಲ್ ಈಗ ಮೊಬೈಲ್ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಅಲ್ಲಿ ಇರುವುದೆಲ್ಲ ಮೈಕ್ರೋ ಮತ್ತು ಟೈಪ್-ಸಿ. ಹಳೆಯ ಡಿಜಿಟಲ್ ಕ್ಯಾಮೆರಾದ ಡಬ್ಬ, ಹಳೆಯ ಹೊರಗಿನ ಹಾರ್ಡ್‌ಡಿಸ್ಕಿನ ಡಬ್ಬ ಹುಡುಕಿ. ಸಿಗದಿದ್ದರೆ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದಾಗ ತನ್ನಿ. "ಡೇಟಾ ಕೇಬಲ್" ಎಂದೇ ಒತ್ತಿ ಕೇಳಿ. ಚಾರ್ಜಿಗೆ ಮಾತ್ರ ಮಾಡಿದ ಕೇಬಲುಗಳಲ್ಲಿ ದತ್ತಾಂಶದ ಎರಡು ತಂತಿಗಳೇ ಇರುವುದಿಲ್ಲ. ಲೈಟು ಬರುತ್ತದೆ, ಕಂಪ್ಯೂಟರಿಗೆ ಸುದ್ದಿಯೇ ಮುಟ್ಟುವುದಿಲ್ಲ.

ಇದನ್ನು ಪರೀಕ್ಷಿಸುವ ಬಗೆ ಲಿನಕ್ಸ್‌ನಲ್ಲಿ ಸುಲಭ. ಟರ್ಮಿನಲ್ ತೆರೆದು ಎಲ್‌ಎಸ್‌ಯುಎಸ್‌ಬಿ (lsusb) ಎಂಬ ಕಮಾಂಡ್ ಕೊಡಿ. ಕ್ಯಾಲ್ಕುಲೇಟರ್ ಆನ್ ಇದ್ದು ಕೇಬಲ್ ಸರಿಯಿದ್ದರೆ, ಪಟ್ಟಿಯಲ್ಲಿ 0451 ಎಂದು ಶುರುವಾಗುವ ಒಂದು ಸಾಲು ಬರುತ್ತದೆ. 0451 ಎಂಬುದು ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಗುರುತಿನ ಸಂಖ್ಯೆ. ಅದರ ಮುಂದೆ ಇ001 ಇದ್ದರೆ ಸಿಲ್ವರ್‌ಲಿಂಕ್, ಇ003 ಇದ್ದರೆ ಟಿಐ-84 ಪ್ಲಸ್, ಇ008 ಇದ್ದರೆ ಸಿಲ್ವರ್ ಎಡಿಷನ್ ಅಥವಾ ಸಿಇ. ಆ ಸಾಲೇ ಬರದಿದ್ದರೆ ತಂತ್ರಾಂಶದ ಗೋಜಿಗೆ ಹೋಗಬೇಡಿ, ತೊಂದರೆ ಕೇಬಲಿನಲ್ಲಿದೆ ಅಥವಾ ಬ್ಯಾಟರಿಯಲ್ಲಿದೆ. ಇದೊಂದು ಪರೀಕ್ಷೆ ಮಾಡದೆ ಇಡೀ ಲ್ಯಾಪ್‌ಟಾಪನ್ನು ಫಾರ್ಮ್ಯಾಟ್ ಮಾಡಿಸಿದ ಮಕ್ಕಳನ್ನು ಕಂಡಿದ್ದೇನೆ, ಬೇಸರವಾಗುತ್ತದೆ.

ಟಿಲ್ಪ್: ನನ್ನ ಮೊದಲ ಆಯ್ಕೆ

ಟಿಲ್ಪ್ ಎಂಬುದು ಟಿಐ ಕ್ಯಾಲ್ಕುಲೇಟರುಗಳಿಗಾಗಿ ಸ್ವಯಂಸೇವಕರು ಬರೆದ ಮುಕ್ತ ತಂತ್ರಾಂಶ, ಜಿಪಿಎಲ್ ಪರವಾನಗಿಯದು. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಟಿಐ-83 ಪ್ಲಸ್, ಟಿಐ-84 ಪ್ಲಸ್, ಟಿಐ-89 ಇರುವವರು ಬೇರೆ ಯಾವುದನ್ನೂ ನೋಡುವ ಮೊದಲು ಇದನ್ನು ನೋಡಿ. ಡೆಬಿಯನ್ ಎಂಬ ಲಿನಕ್ಸ್‌ನ ಮತ್ತು ಉಬುಂಟುವಿನ ಹಲವು ಆವೃತ್ತಿಗಳ ತಂತ್ರಾಂಶ ಭಂಡಾರದಲ್ಲಿ ಟಿಲ್ಪ್2 (tilp2) ಎಂಬ ಹೆಸರಿನಲ್ಲಿ ಸಿಗುತ್ತದೆ. ಭಂಡಾರದಲ್ಲಿ ಇಲ್ಲದಿದ್ದರೆ ಮೂಲ ಕೋಡಿನಿಂದ ಕಟ್ಟಿಕೊಳ್ಳಬೇಕು, ಅದಕ್ಕೆ ಸ್ವಲ್ಪ ತಾಳ್ಮೆ ಬೇಕು.

ಹಾಕಿದ ಮೇಲೆ ಬಹುತೇಕರು ಎಡವುವುದು ಅನುಮತಿಯ ವಿಷಯದಲ್ಲಿ. ಎಲ್‌ಎಸ್‌ಯುಎಸ್‌ಬಿಯಲ್ಲಿ ಕ್ಯಾಲ್ಕುಲೇಟರ್ ಕಾಣುತ್ತದೆ, ಟಿಲ್ಪ್ ಮಾತ್ರ "ಸಾಧನ ತೆರೆಯಲಾಗಲಿಲ್ಲ" ಎನ್ನುತ್ತದೆ. ಲಿನಕ್ಸ್‌ನಲ್ಲಿ ಪರಿಚಯವಿಲ್ಲದ ಯುಎಸ್‌ಬಿ ಸಾಧನಕ್ಕೆ ಬರೆಯುವ ಹಕ್ಕು ಮೊದಲಿಗೆ ರೂಟ್ ಬಳಕೆದಾರನಿಗೆ, ಅಂದರೆ ಸಿಸ್ಟಮ್ಮಿನ ಯಜಮಾನ ಖಾತೆಗೆ ಮಾತ್ರ. ಸುಡೊ (sudo) ಕಮಾಂಡ್ ಹಾಕಿ ರೂಟ್ ಆಗಿ ಟಿಲ್ಪ್ ತೆರೆದರೆ ನಡೆಯುತ್ತದೆ, ಆದರೆ ಅದು ಅಭ್ಯಾಸವಾಗಬಾರದು. ಇಳಿಸಿಕೊಂಡ ಫೈಲುಗಳೆಲ್ಲ ರೂಟ್‌ನ ಹೆಸರಿಗೆ ಹೋಗಿ ಆಮೇಲೆ ಅಳಿಸಲೂ ಪರದಾಡಬೇಕಾಗುತ್ತದೆ. ಸರಿಯಾದ ದಾರಿ ಯುಡೆವ್ ನಿಯಮ. 0451 ಸಂಖ್ಯೆಯ ಸಾಧನ ಬಂದರೆ ಲಾಗಿನ್ ಆಗಿರುವ ಬಳಕೆದಾರನಿಗೆ ಹಕ್ಕು ಕೊಡು ಎಂದು ಹೇಳುವ ಪುಟ್ಟ ಫೈಲು ಅದು. ಟಿಲ್ಪ್‌ನ ಕೇಬಲ್ ಲೈಬ್ರರಿಯ ಜೊತೆಗೇ ಅದರ ಮಾದರಿ ಬರುತ್ತದೆ. ಅದನ್ನು ಯುಡೆವ್ ನಿಯಮಗಳ ಫೋಲ್ಡರಿಗೆ ಹಾಕಿ ಕೇಬಲ್ ಬಿಚ್ಚಿ ಮತ್ತೆ ಸಿಕ್ಕಿಸಿ. ಕಾಲೇಜು ಲ್ಯಾಬಿನಲ್ಲಾದರೆ ಸಿಸ್ಟಮ್ ನೋಡಿಕೊಳ್ಳುವವರಿಗೆ ಹೇಳಿ ಒಮ್ಮೆ ಹಾಕಿಸಿಕೊಳ್ಳಿ. ಮತ್ತೆ ಯಾವ ವಿದ್ಯಾರ್ಥಿಯೂ ಪಾಸ್‌ವರ್ಡ್ ಕೇಳಬೇಕಾಗಿಲ್ಲ.

ಟಿಲ್ಪ್ ಒಳಗೆ ಕೇಬಲ್ ಯಾವುದು, ಮಾಡೆಲ್ ಯಾವುದು ಎಂದು ಆರಿಸಬೇಕು. ಕ್ಯಾಲ್ಕುಲೇಟರಿನ ಸ್ವಂತ ಯುಎಸ್‌ಬಿ ಪೋರ್ಟಾದರೆ ಡೈರೆಕ್ಟ್‌ಲಿಂಕ್, ದುಂಡು ತೂತಾದರೆ ಸಿಲ್ವರ್‌ಲಿಂಕ್. ಟಿಐ-83 ಪ್ಲಸ್ ಮತ್ತು 84 ಪ್ಲಸ್ ಆನ್ ಇದ್ದರೆ ಸಾಕು, ಕಂಪ್ಯೂಟರು ಕೇಳಿದ್ದಕ್ಕೆ ತಾವೇ ಉತ್ತರಿಸುತ್ತವೆ. ಟಿಐ-82ರಂಥ ಹಳೆಯವುಗಳಲ್ಲಿ ಲಿಂಕ್ ಮೆನುಗೆ ಹೋಗಿ "ರಿಸೀವ್" ಒತ್ತಿ ಕಾಯಬೇಕು.

ಪಾಠ ಮಾಡುವವರಿಗೆ ಇದರಲ್ಲಿ ಇನ್ನೊಂದು ಲಾಭವಿದೆ. ಕ್ಯಾಲ್ಕುಲೇಟರಿನ ಪರದೆಯ ಚಿತ್ರವನ್ನು ಟಿಲ್ಪ್ ನೇರವಾಗಿ ಎಳೆದುಕೊಳ್ಳುತ್ತದೆ. ಟಿಐ-84 ಪ್ಲಸ್‌ನ ಪರದೆ 96×64 ಚುಕ್ಕೆಗಳದ್ದು, ಚಿತ್ರ ಚಿಕ್ಕದು, ಆದರೆ ಪ್ರಶ್ನೆಪತ್ರಿಕೆಗೆ ಅಥವಾ ನೋಟ್ಸಿಗೆ ಹಾಕಲು ಅಚ್ಚುಕಟ್ಟಾಗಿರುತ್ತದೆ. ಫೋನಿನಲ್ಲಿ ಫೋಟೊ ಹೊಡೆದು ಗ್ಲಾಸಿನ ಹೊಳಪಿನೊಡನೆ ಗುದ್ದಾಡುವುದಕ್ಕಿಂತ ಸಾವಿರ ಪಾಲು ಮೇಲು.

ಮಿತಿಗಳನ್ನೂ ಹೇಳಬೇಕು. ಸಿಇ ಮಾಡೆಲಿಗೆ ಹಳೆಯ ಆವೃತ್ತಿಯ ಟಿಲ್ಪ್ ಸಾಲದು, ಹೊಸದು ಬೇಕು. ಟಿಐನ ಇನ್ನೊಂದು ಮಾಡೆಲಾದ ಎನ್‌ಸ್ಪೈರ್ ಸಿಎಕ್ಸ್ 2 ಇದ್ದವರಿಗೆ ಟಿಲ್ಪ್ ಉಪಯೋಗಕ್ಕೆ ಬರುವುದಿಲ್ಲ. ಅವರು ಎನ್-ಲಿಂಕ್ ಎಂಬ ಬೇರೆಯ ಮುಕ್ತ ತಂತ್ರಾಂಶ ನೋಡಬೇಕು. ಇನ್ನೊಂದು ಸಂಗತಿ: ಟಿಐ-ಬೇಸಿಕ್ (ಕ್ಯಾಲ್ಕುಲೇಟರಿನೊಳಗಿನ ಪ್ರೋಗ್ರಾಮಿಂಗ್ ಭಾಷೆ) ಪ್ರೋಗ್ರಾಮಿನ 8ಎಕ್ಸ್‌ಪಿ (.8xp) ಫೈಲು ಸಾಮಾನ್ಯ ಅಕ್ಷರಗಳ ಫೈಲಲ್ಲ. ಒಂದೊಂದು ಆಜ್ಞೆಯೂ ಒಂದು ಅಥವಾ ಎರಡು ಬೈಟಿನ ಸಂಕೇತವಾಗಿ ಕೂತಿರುತ್ತದೆ. ಗೆಡಿಟ್ ಎಂಬ ಸಾಮಾನ್ಯ ಟೆಕ್ಸ್ಟ್ ಎಡಿಟರಿನಲ್ಲಿ ಟೈಪ್ ಮಾಡಿ ಹೆಸರು ಬದಲಿಸಿ ಕಳಿಸಿದರೆ ಕ್ಯಾಲ್ಕುಲೇಟರ್ ಒಪ್ಪುವುದಿಲ್ಲ. ಟಿಐ ಕನೆಕ್ಟ್ ಸಿಇಯಲ್ಲಿ ಇದಕ್ಕೆ ಎಡಿಟರ್ ಇದೆ, ಟಿಲ್ಪ್‌ನಲ್ಲಿ ಇಲ್ಲ. ಲಿನಕ್ಸ್‌ನವರು ಆನ್‌ಲೈನ್ ಎಡಿಟರಿನಲ್ಲಿ ಬರೆದು 8ಎಕ್ಸ್‌ಪಿ ಆಗಿ ಇಳಿಸಿಕೊಂಡು ಟಿಲ್ಪ್‌ನಿಂದ ಕಳಿಸುವುದು ಸುಲಭ. ಪ್ರಯೋಗದ ಅಂಕಿಗಳಿರುವ ಲಿಸ್ಟುಗಳನ್ನು ಸ್ಪ್ರೆಡ್‌ಶೀಟಿಗೆ ತರಬೇಕಾದರೆ ಟಿಐವಾರ್ಸ್ ಎಂಬ ಪೈಥಾನ್ ಲೈಬ್ರರಿ ಇದೆ. ಪೈಥಾನ್ ಕಲಿಯುತ್ತಿರುವ ಮಕ್ಕಳಿಗೆ ಇದು ಕೈಗೆಟಕುವ ಕೆಲಸವೇ.

ಬ್ರೌಸರಿನಿಂದಲೇ ಕಳಿಸುವುದು

ಕ್ರೋಮ್ ಬ್ರೌಸರಿಗೆ 2017ರಲ್ಲಿ ವೆಬ್‌ಯುಎಸ್‌ಬಿ ಎಂಬ ಸೌಲಭ್ಯ ಬಂತು. ಬಳಕೆದಾರರು ಅನುಮತಿ ಒತ್ತಿದರೆ ಒಂದು ವೆಬ್ ಪುಟವೇ ಯುಎಸ್‌ಬಿ ಸಾಧನದೊಡನೆ ಮಾತಾಡಬಲ್ಲದು. ಟಿಐ-84 ಪ್ಲಸ್ ಮತ್ತು ಸಿಇಗಳಿಗೆ ಹೀಗೆ ಪುಟದಿಂದಲೇ ಫೈಲು ಕಳಿಸುವ ವ್ಯವಸ್ಥೆಯನ್ನು ಆಸಕ್ತರು ಕಟ್ಟಿದ್ದಾರೆ. ಫ್ರಾನ್ಸಿನ ನಮ್‌ವರ್ಕ್ಸ್ ಕ್ಯಾಲ್ಕುಲೇಟರಿನ ಕಂಪನಿಯಂತೂ ತನ್ನ ಅಧಿಕೃತ ದಾರಿಯನ್ನೇ ಹೀಗೆ ಮಾಡಿಟ್ಟಿದೆ.

ಒಂದೆರಡು ಪ್ರೋಗ್ರಾಮು ಕಳಿಸಿದರೆ ಸಾಕು ಎನ್ನುವವರಿಗೆ ಟಿಲ್ಪ್‌ಗಿಂತ ಇದು ಹಗುರ. ಆದರೆ ಫೈರ್‌ಫಾಕ್ಸ್ ಮತ್ತು ಸಫಾರಿಯಲ್ಲಿ ವೆಬ್‌ಯುಎಸ್‌ಬಿ ಇಲ್ಲ. ಉಬುಂಟುವಿನಲ್ಲಿ ಕ್ರೋಮಿಯಂ ಹಾಕಿದರೆ ಅದು ಸ್ನ್ಯಾಪ್ ಎಂಬ ಬೇಲಿಯೊಳಗಿನ ಪ್ಯಾಕೇಜಾಗಿ ಬರುತ್ತದೆ, ಸ್ನ್ಯಾಪ್‌ಗೆ ಯುಎಸ್‌ಬಿಯ ಬಾಗಿಲು ಪ್ರತ್ಯೇಕವಾಗಿ ತೆರೆಯಬೇಕು. ಅದರ ಬದಲು ಗೂಗಲ್ ಕೊಡುವ ಡೆಬ್ ಪ್ಯಾಕೇಜಿನ ಕ್ರೋಮ್ ಹಾಕಿಕೊಳ್ಳಿ. ಮೇಲೆ ಹೇಳಿದ ಯುಡೆವ್ ನಿಯಮ ಇಲ್ಲಿಯೂ ಬೇಕು. ಬ್ರೌಸರಿನಿಂದ ಹೋದರೆ ಅದು ತಪ್ಪಿತು ಎಂದುಕೊಂಡವರೇ ಹೆಚ್ಚು. ಇಡೀ ಮೆಮೊರಿಯ ಬ್ಯಾಕಪ್ ತೆಗೆಯಲು, ಹತ್ತಾರು ಫೈಲು ಸಂಭಾಳಿಸಲು ಬ್ರೌಸರ್ ದಾರಿಯನ್ನು ನಾನು ನೆಚ್ಚಿಕೊಳ್ಳುವುದಿಲ್ಲ.

ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲೂ ವೆಬ್‌ಯುಎಸ್‌ಬಿ ಇದೆ. ಲ್ಯಾಪ್‌ಟಾಪೇ ಇಲ್ಲದ ಮನೆಗಳಲ್ಲಿ ಒಂದು ಓಟಿಜಿ ಅಡಾಪ್ಟರ್ ತಂದು ಪ್ರಯತ್ನಿಸಿ ನೋಡುವುದು ತಪ್ಪಲ್ಲ. ಖರ್ಚು ಅಷ್ಟಿಷ್ಟೇ.

ಲಿನಕ್ಸ್ ಒಳಗೇ ವಿಂಡೋಸ್

ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರನ್ನು ನಡೆಸುವ ವರ್ಚುವಲ್‌ಬಾಕ್ಸ್ ತಂತ್ರಾಂಶ ಹಾಕಿ, ಅದರೊಳಗೆ ವಿಂಡೋಸ್ ಹಾಕಿ, ಅದರೊಳಗೆ ಟಿಐ ಕನೆಕ್ಟ್ ಸಿಇ ಹಾಕುವ ದಾರಿಯೂ ಇದೆ. ನಡೆಯುತ್ತದೆ. ಕಂಪನಿಯ ತಂತ್ರಾಂಶವೇ ಬೇಕು ಎನ್ನುವವರಿಗೆ, ಎಚ್‌ಪಿ ಪ್ರೈಮ್ ಕ್ಯಾಲ್ಕುಲೇಟರಿನ ಕನೆಕ್ಟಿವಿಟಿ ಕಿಟ್ ಬೇಕಾದವರಿಗೆ, ಕ್ಯಾಸಿಯೊದ ಎಫ್‌ಎ-124 ಜೋಡಣೆಯ ತಂತ್ರಾಂಶ ಬೇಕಾದವರಿಗೆ ಇದು ಯೋಗ್ಯ.

ಆದರೆ ಲ್ಯಾಪ್‌ಟಾಪಿನ ತಾಕತ್ತು ನೋಡಿ. ವಿಂಡೋಸ್ 11 ತನಗೇ ಕನಿಷ್ಠ 4 ಜಿಬಿ ರ್‍ಯಾಮ್ ಮತ್ತು 64 ಜಿಬಿ ಜಾಗ ಕೇಳುತ್ತದೆ. ನಿಮ್ಮ ಒಟ್ಟು ರ್‍ಯಾಮ್ 4 ಜಿಬಿ ಆಗಿದ್ದರೆ ಈ ದಾರಿ ಬೇಡವೇ ಬೇಡ. 8 ಜಿಬಿ ಇದ್ದರೆ ಅಡ್ಡಿಯಿಲ್ಲ. ವಿಂಡೋಸ್‌ಗೆ ಪರವಾನಗಿ ಬೇಕು ಎಂಬುದನ್ನೂ ಮರೆಯಬೇಡಿ. ಮೈಕ್ರೋಸಾಫ್ಟ್ ಎಂಟರ್‌ಪ್ರೈಸ್ ಆವೃತ್ತಿಯನ್ನು 90 ದಿನದ ಪರೀಕ್ಷಾ ಬಳಕೆಗೆ ಉಚಿತವಾಗಿ ಕೊಡುತ್ತದೆ.

ವರ್ಚುವಲ್‌ಬಾಕ್ಸ್‌ನಲ್ಲಿ ಎರಡು ಕಡೆ ಗಮನ ಕೊಡಬೇಕು. ನಿಮ್ಮ ಬಳಕೆದಾರ ಹೆಸರನ್ನು ವಿಬಾಕ್ಸ್‌ಯೂಸರ್ಸ್ (vboxusers) ಗುಂಪಿಗೆ ಸೇರಿಸಿ ಒಮ್ಮೆ ಲಾಗೌಟ್ ಆಗಿ ಬನ್ನಿ, ಇಲ್ಲದಿದ್ದರೆ ಯುಎಸ್‌ಬಿ ಸಾಧನಗಳ ಪಟ್ಟಿ ಖಾಲಿ ಕಾಣುತ್ತದೆ. ಮತ್ತೆ, ಕ್ಯಾಲ್ಕುಲೇಟರಿಗಾಗಿ ಯುಎಸ್‌ಬಿ ಫಿಲ್ಟರ್, ಅಂದರೆ ಆ ಸಾಧನ ಬಂದಾಗಲೆಲ್ಲ ಒಳಗಿನ ವಿಂಡೋಸ್‌ಗೇ ಕೊಡು ಎಂಬ ಸೂಚನೆ, ಸೇರಿಸಿ. ಕ್ಯಾಲ್ಕುಲೇಟರಿಗೆ ಅದರದೇ ಹೊಸ ಓಎಸ್ ಕಳಿಸುವಾಗ ಅದು ತನ್ನನ್ನು ತಾನೇ ಬಿಚ್ಚಿಕೊಂಡು ಮತ್ತೆ ಸೇರಿಕೊಳ್ಳುತ್ತದೆ. ಫಿಲ್ಟರ್ ಇಲ್ಲದಿದ್ದರೆ ಎರಡನೆಯ ಸಲ ಅದು ಲಿನಕ್ಸ್ ಕಡೆಗೇ ಹೋಗಿಬಿಡುತ್ತದೆ, ಒಳಗಿನ ವಿಂಡೋಸ್ ಬಾಯಿ ಬಿಟ್ಟುಕೊಂಡು ಕಾಯುತ್ತದೆ.

ವಿಂಡೋಸ್ ತಂತ್ರಾಂಶವನ್ನು ಲಿನಕ್ಸ್‌ನಲ್ಲೇ ತೆರೆಯುವ ವೈನ್‌ನಲ್ಲಿ ನಡೆಸಬಹುದಲ್ಲ ಎಂದು ಕೇಳುತ್ತಾರೆ. ತಂತ್ರಾಂಶದ ಕಿಟಕಿ ತೆರೆದರೂ ಕ್ಯಾಲ್ಕುಲೇಟರ್ ಕಾಣುವುದಿಲ್ಲ, ಏಕೆಂದರೆ ವಿಂಡೋಸ್‌ನ ಯುಎಸ್‌ಬಿ ಡ್ರೈವರ್ ಕೆಲಸ ಮಾಡುವುದು ಓಎಸ್‌ನ ತಿರುಳಾದ ಕರ್ನಲ್ ಮಟ್ಟದಲ್ಲಿ, ವೈನ್ ಅಲ್ಲಿಗೆ ಮುಟ್ಟುವುದಿಲ್ಲ. ಅದಕ್ಕೆ ಸಮಯ ಹಾಕಬೇಡಿ.

ಬೇರೆಯವರ ಕಂಪ್ಯೂಟರು

ವರ್ಷಕ್ಕೊಮ್ಮೆ ಓಎಸ್ ನವೀಕರಿಸಲು ಮಾತ್ರ ಕಂಪ್ಯೂಟರ್ ಬೇಕು ಎನ್ನುವವರು ಸ್ನೇಹಿತರ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಮುಗಿಸಿಕೊಳ್ಳುವುದೇ ಲೇಸು. ಅದರಲ್ಲೂ ಎಚ್ಚರ ಬೇಕಾದ ಮೂರು ಸಂದರ್ಭಗಳಿವೆ. ಹೊಸ ಅಗ್ಗದ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ "ಎಸ್ ಮೋಡ್"ನಲ್ಲಿ ಬಂದಿರಬಹುದು. ಅದರಲ್ಲಿ ಮೈಕ್ರೋಸಾಫ್ಟ್ ಸ್ಟೋರಿನ ಹೊರಗಿನ ತಂತ್ರಾಂಶ ಕೂರುವುದಿಲ್ಲ. ಹೊರಬರಲು ಹಣ ಕೊಡಬೇಕಿಲ್ಲ, ಆದರೆ ಬಂದರೆ ಮತ್ತೆ ವಾಪಸ್ ಹೋಗಲಾಗದು, ಆದ್ದರಿಂದ ಯಜಮಾನರನ್ನು ಕೇಳದೆ ಮುಟ್ಟಬೇಡಿ. ಎರಡನೆಯದು ಆರ್ಮ್ ಚಿಪ್ಪಿನ ವಿಂಡೋಸ್ ಲ್ಯಾಪ್‌ಟಾಪು. ಅಲ್ಲಿ ಹಳೆಯ ತಂತ್ರಾಂಶ ಎಮ್ಯುಲೇಷನ್‌ನಲ್ಲಿ ತೆರೆದುಕೊಂಡರೂ ಇಂಟೆಲ್‌ಗಾಗಿ ಬರೆದ ಡ್ರೈವರ್ ಕೂರುವುದಿಲ್ಲ. ಮೂರನೆಯದು ಮ್ಯಾಕ್. 2019ರ ಕ್ಯಾಟಲಿನಾದಿಂದ ಮುಂದೆ 32-ಬಿಟ್ ತಂತ್ರಾಂಶ ನಡೆಯುವುದಿಲ್ಲ. ಟಿಐ-84 ಪ್ಲಸ್ ಇದ್ದವರಿಗೆ ಟಿಐ ಕನೆಕ್ಟ್ ಸಿಇ ಇದೆ. ಸಿಲ್ವರ್‌ಲಿಂಕ್ ಹಿಡಿದು ಬಂದ ಟಿಐ-83 ಪ್ಲಸ್‌ನವರಿಗೆ ಹೊಸ ಮ್ಯಾಕ್‌ನಲ್ಲೂ ಕೊನೆಗೆ ಟಿಲ್ಪೇ ಗತಿ.

ಏನನ್ನೂ ಹಾಕಲು ಬಿಡದ ಕಾಲೇಜಿನ ಕಂಪ್ಯೂಟರಿನಲ್ಲಿ, ಅನುಮತಿ ಕೇಳಿ, ಉಬುಂಟುವಿನ ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಟಿಲ್ಪ್ ಬಳಸಬಹುದು. ಹಾರ್ಡ್‌ಡಿಸ್ಕನ್ನು ಮುಟ್ಟುವ ಪ್ರಸಂಗವೇ ಬರುವುದಿಲ್ಲ.

ಓಎಸ್ ಕಳಿಸುವ ಮೊದಲು

ಪ್ರೋಗ್ರಾಮು ಕಳಿಸುವುದರಲ್ಲಿ ಅಪಾಯವಿಲ್ಲ. ಕ್ಯಾಲ್ಕುಲೇಟರಿನ ಓಎಸ್ ಬದಲಿಸುವುದು ಬೇರೆ ಮಾತು. ಟಿಐ-84 ಪ್ಲಸ್‌ಗೆ ನಾಲ್ಕು ಹೊಸ ಎಎಎ ಸೆಲ್ ಹಾಕಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲಿ; ಹಳ್ಳಿ ಕಡೆ ಯಾವ ಹೊತ್ತಿಗೆ ಕರೆಂಟು ಹೋಗುತ್ತದೆಂದು ಹೇಳಲಾಗದು, ಲ್ಯಾಪ್‌ಟಾಪೇ ಉತ್ತಮ. ರ್‍ಯಾಮ್‌ನಲ್ಲಿರುವ ಪ್ರೋಗ್ರಾಮುಗಳು ಅಳಿಸಿಹೋಗುತ್ತವೆ, ಆದ್ದರಿಂದ ಮೊದಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಓಎಸ್ ಬದಲಾದರೂ ಅಳಿಯದ ಆರ್ಕೈವ್ ಮೆಮೊರಿಗೂ ಹಾಕಿ. ನಡುವೆ ನಿಂತುಹೋದರೂ ಗಾಬರಿ ಬೇಡ: ಒಂದು ಸೆಲ್ ತೆಗೆದು, ಡೆಲ್ ಕೀ ಒತ್ತಿ ಹಿಡಿದುಕೊಂಡೇ ಸೆಲ್ ಹಾಕಿದರೆ ಟಿಐ-84 ಪ್ಲಸ್ ಓಎಸ್‌ಗಾಗಿ ಕಾಯುವ ಸ್ಥಿತಿಗೆ ಬರುತ್ತದೆ, ಮತ್ತೆ ಕಳಿಸಬಹುದು.

ಸಿಇ ಇದ್ದವರು ಇನ್ನೊಂದನ್ನು ಯೋಚಿಸಬೇಕು. 2020ರಲ್ಲಿ ಕಂಪನಿ ಹೊಸ ಓಎಸ್‌ಗಳಲ್ಲಿ ಅಸೆಂಬ್ಲಿ (ಚಿಪ್ಪಿನದೇ ಭಾಷೆ) ಪ್ರೋಗ್ರಾಮುಗಳು ನಡೆಯದಂತೆ ಮಾಡಿತು. ಹಳೆಯ ಓಎಸ್ ಇರುವ ಸಿಇ ಕೈಗೆ ಬಂದಿದ್ದರೆ, ಸಿ ಭಾಷೆಯಲ್ಲಿ ಅಥವಾ ಅಸೆಂಬ್ಲಿಯಲ್ಲಿ ಬರೆದು ಕಲಿಯುವ ಆಸೆ ಇದ್ದರೆ, ಸುಮ್ಮನೆ ಹೊಸದಾಗಲಿ ಎಂದು ನವೀಕರಿಸಬೇಡಿ. ಹಿಂದಕ್ಕೆ ಹೋಗುವುದು ಸುಲಭವಲ್ಲ. ಬರಿಯ ಗಣಿತಕ್ಕೆ ಬಳಸುವವರಿಗೆ ಈ ಚಿಂತೆ ಇಲ್ಲ.

ಕೇಬಲೇ ಬೇಡ ಎನ್ನುವವರಿಗೆ

ಹತ್ತಿಪ್ಪತ್ತು ಸಾಲಿನ ಪ್ರೋಗ್ರಾಮನ್ನು ಕೈಯಲ್ಲೇ ಒತ್ತಿ ಹಾಕಿ. ವರ್ಗ ಸಮೀಕರಣ, ನ್ಯೂಟನ್-ರಾಫ್ಸನ್, ಸಿಂಪ್ಸನ್ ನಿಯಮ, ಇಷ್ಟಕ್ಕೆ ಕೇಬಲ್ ಹುಡುಕಿಕೊಂಡು ಬೆಂಗಳೂರಿಗೆ ಹೋಗುವುದು ವ್ಯರ್ಥ. ದುಂಡು ತೂತಿರುವ ಒಂದೇ ಬಗೆಯ ಎರಡು ಕ್ಯಾಲ್ಕುಲೇಟರುಗಳಿದ್ದರೆ 2.5 ಮಿ.ಮೀ. ಕೇಬಲಿನಿಂದ ಒಂದರಿಂದ ಇನ್ನೊಂದಕ್ಕೆ ಕಂಪ್ಯೂಟರಿಲ್ಲದೆ ಕಳಿಸಬಹುದು.

ಕ್ಲಾಸಿನಲ್ಲಿ ಪ್ರೊಜೆಕ್ಟರಿಗೆ ತೋರಿಸುವುದಷ್ಟೇ ಉದ್ದೇಶವಾದರೆ ಕ್ಯಾಲ್ಕುಲೇಟರನ್ನೇ ಕಂಪ್ಯೂಟರಿನ ಪರದೆಯಲ್ಲಿ ಅನುಕರಿಸುವ ಎಮ್ಯುಲೇಟರ್ ನೋಡಿ. ಸಿಇಗಾಗಿ ಇರುವ ಸಿಎಮು ಲಿನಕ್ಸ್‌ನಲ್ಲೇ ನಡೆಯುತ್ತದೆ. ಅದಕ್ಕೆ ರಾಮ್ (ROM) ಫೈಲು, ಅಂದರೆ ಕ್ಯಾಲ್ಕುಲೇಟರಿನ ಒಳಗಿನ ತಂತ್ರಾಂಶದ ಪ್ರತಿ ಬೇಕು, ಅದನ್ನು ನಿಮ್ಮದೇ ಕ್ಯಾಲ್ಕುಲೇಟರಿನಿಂದ ಇಳಿಸಿಕೊಳ್ಳಬೇಕು. ಬೇರೆಯವರು ಹಂಚುವ ಫೈಲು ಬಳಸುವುದು ಹಕ್ಕುಸ್ವಾಮ್ಯಕ್ಕೆ ವಿರುದ್ಧ. ಹಾಗಾಗಿ ಇದಕ್ಕೂ ಒಮ್ಮೆಯಾದರೂ ಕೇಬಲ್ ಜೋಡಿಸಲೇಬೇಕು.

ಇನ್ನೂ ಕೊಂಡಿಲ್ಲದವರು

ಮನೆಯಲ್ಲಿ ಲಿನಕ್ಸ್ ಇದೆ, ಕ್ಯಾಲ್ಕುಲೇಟರ್ ಇನ್ನು ಮುಂದೆ ಕೊಳ್ಳಬೇಕು ಎನ್ನುವವರಿಗೆ ನಾನು ನಿಸ್ಸಂಕೋಚವಾಗಿ ಹೇಳುವುದು ಕ್ಯಾಸಿಯೊ ಎಫ್‌ಎಕ್ಸ್-ಸಿಜಿ50. 2017ರಲ್ಲಿ ಬಂದ ಈ ಮಾಡೆಲನ್ನು ಕೇಬಲಿಗೆ ಸಿಕ್ಕಿಸಿ ಎಫ್1 ಒತ್ತಿದರೆ ಅದು ಪೆನ್‌ಡ್ರೈವಿನಂತೆ ಕಂಪ್ಯೂಟರಿನಲ್ಲಿ ತೆರೆದುಕೊಳ್ಳುತ್ತದೆ. ತಂತ್ರಾಂಶ ಬೇಡ, ಡ್ರೈವರ್ ಬೇಡ, ಯುಡೆವ್ ಬೇಡ. ಉಬುಂಟು ಆಗಲಿ, ಸರ್ಕಾರಿ ಸಂಸ್ಥೆ ಸಿ-ಡ್ಯಾಕ್‌ನ ಬಾಸ್ ಲಿನಕ್ಸ್ ಆಗಲಿ, ಅದಕ್ಕೆ ವ್ಯತ್ಯಾಸವೇ ಇಲ್ಲ. ಓಎಸ್ ಹೊಸದಿದ್ದರೆ ಪೈಥಾನ್ ಕೂಡ ಇದೆ. ಕಂಪ್ಯೂಟರಿನಲ್ಲಿ ಬರೆದ ಪೈ ಫೈಲನ್ನು ಎಳೆದು ಹಾಕಿದರೆ ಮುಗಿಯಿತು. ತೆಗೆಯುವ ಮುನ್ನ ಇಜೆಕ್ಟ್ ಮಾಡುವುದನ್ನು ಮಾತ್ರ ಬಿಡಬೇಡಿ. 2020ರ ಎಫ್‌ಎಕ್ಸ್-9750ಜಿ3 ಮತ್ತು 9860ಜಿ3ಗಳೂ ಹೀಗೆಯೇ. ಬಣ್ಣದ ಪರದೆ ಇಲ್ಲ, ಅಷ್ಟೇ.

ಹಿಂದಿನ 9860ಜಿ2 ಹಾಗಲ್ಲ. ಅದು ಪೆನ್‌ಡ್ರೈವಿನಂತೆ ಕಾಣುವುದಿಲ್ಲ, ಎಫ್‌ಎ-124 ಕೇಳುತ್ತದೆ, ಅದು ವಿಂಡೋಸ್‌ಗೆ ಮಾತ್ರ. ಲಿನಕ್ಸ್‌ನಲ್ಲಿ ಪಿ7 ಎಂಬ ಕಮಾಂಡ್‌ಲೈನ್ ಸಾಧನದಿಂದ ಕೆಲಸ ಸಾಗಿಸಬಹುದು. ಅದೇ ಮಾಡೆಲಿನ ಎಸ್‌ಡಿ ಆವೃತ್ತಿ ಸಿಕ್ಕರೆ ಕಾರ್ಡು ತೆಗೆದು ಕಂಪ್ಯೂಟರಿಗೆ ಹಾಕಿದರಾಯಿತು. ಎಚ್‌ಪಿ 50ಜಿಯಲ್ಲೂ ಎಸ್‌ಡಿ ಕಾರ್ಡಿನ ಜಾಗವಿದೆ. 2 ಜಿಬಿ ಮೀರದ ಹಳೆಯ ಕಾರ್ಡೇ ಆಗಬೇಕು.

ಹಳೆಯದನ್ನು ಕೊಳ್ಳುವಾಗ ದುಡ್ಡು ಕೊಡುವ ಮೊದಲು ಅಲ್ಲೇ ಆನ್ ಮಾಡಿಸಿ ನೋಡಿ. ಟಿಐ-84ರಲ್ಲಿ ಸೆಕೆಂಡ್ ಕೀ ಒತ್ತಿ ಪ್ಲಸ್ ಒತ್ತಿದರೆ ಮೆಮೊರಿ ಮೆನು ಬರುತ್ತದೆ, ಅದರ ಮೊದಲನೆಯ ಸಾಲನ್ನು ಆರಿಸಿದರೆ ಓಎಸ್ ಆವೃತ್ತಿ ಕಾಣುತ್ತದೆ. ಸಿಇ ಆದರೆ ಹಿಂಬದಿಯ ಮುಚ್ಚಳ ಉಬ್ಬಿದೆಯೇ ಎಂದು ಬೆರಳಾಡಿಸಿ, ಅದರದ್ದು ಚಾರ್ಜಾಗುವ ಬ್ಯಾಟರಿ. ನಿಮ್ಮ ಲ್ಯಾಪ್‌ಟಾಪನ್ನು ಜೊತೆಗೇ ಒಯ್ದು ಕೇಬಲ್ ಸಿಕ್ಕಿಸಿ ಎಲ್‌ಎಸ್‌ಯುಎಸ್‌ಬಿ ಕೊಡಿ. ಟಿಐ ಆಗಿದ್ದು 0451ರ ಸಾಲು ಬರದಿದ್ದರೆ ಬೇರೆ ಕೇಬಲಿನಲ್ಲಿ ನೋಡಿ, ಆಗಲೂ ಬರದಿದ್ದರೆ ಬೆಲೆಯ ಮಾತೇ ಎತ್ತಬೇಡಿ. ಮಾರುವವರ ಬಳಿ ಮೂಲ ಕೇಬಲ್ ಇದ್ದರೆ ನೂರಿನ್ನೂರು ಹೆಚ್ಚಾದರೂ ಅದನ್ನು ಸೇರಿಸಿಯೇ ತನ್ನಿ.